ಜೈಲಿಗೆ ಹೋಗಿ ಬಂದವರಿಗೆ ವೋಟು ಇಲ್ಲವಾ? ನಮ್ಮ ಅಣ್ಣನ ವಿಷಯ, ತಿಳಿದವರು ಹೇಳಿ

ತೂಬಿನ ತಮ್ಮ:
ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿ ತಾಲೂಕು, ಉಪಕಾಲುವೆಯ ಕೊನೆಗೆ ಇರುವ ಹಳ್ಳಿ. ಊರಿನ ಹೆಸರು ಬೇಡ, ಹೇಳಿದರೆ ಗುರುತು ಹಿಡಿಯುತ್ತೀರಿ.

2014ರ ಬೇಸಿಗೆ ಬೆಳೆ. ರಾತ್ರಿ ನಮ್ಮ ನೀರಿನ ಪಾಳಿ. ಅಣ್ಣ ಹೋಗಿ ನೋಡಿದರೆ ಮೇಲಿನ ಹೊಲದವರು ನಮ್ಮ ತೂಬಿಗೆ ಗೋಣಿಚೀಲ ತುರುಕಿ ನೀರು ತಿರುಗಿಸಿಕೊಂಡಿದ್ದರು. ಮಾತಿಗೆ ಮಾತು ಬೆಳೆಯಿತು. ಅಣ್ಣನ ಕೈಯಲ್ಲಿ ಸಲಿಕೆ ಇತ್ತು. ಹೊಡೆದ. ಅವರ ಮೊಣಕೈ ಮುರಿಯಿತು. ತಪ್ಪು ಅಣ್ಣನದೇ, ನಾನು ಅದನ್ನು ಮುಚ್ಚಿಡಲು ಬಂದಿಲ್ಲ. 2018ರಲ್ಲಿ ಮೂರು ವರ್ಷ ಶಿಕ್ಷೆ ಆಯಿತು. ಮೇಲ್ಮನವಿಗೆ ದುಡ್ಡು ಇರಲಿಲ್ಲ. ಬಳ್ಳಾರಿ ಸೆಂಟ್ರಲ್ ಜೈಲಿನಲ್ಲಿದ್ದು 2021ರಲ್ಲಿ ಮನೆಗೆ ಬಂದ.

2023ರ ವಿಧಾನಸಭೆ ಚುನಾವಣೆಗೆ ಬೆಳಿಗ್ಗೆನೇ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಹೋದ. ಪಟ್ಟಿಯಲ್ಲಿ ಹೆಸರೇ ಇಲ್ಲ. ಅಲ್ಲಿ ಕೂತಿದ್ದ ಏಜೆಂಟ್ ಒಬ್ಬ ಎಲ್ಲರಿಗೂ ಕೇಳುವ ಹಾಗೆ, 'ಜೈಲಿಗೆ ಹೋದವರಿಗೆ ವೋಟ್ ಇರಲ್ಲಪ್ಪಾ' ಅಂದ. ಅಣ್ಣ ತುಟಿ ಎರಡು ಮಾಡದೆ ವಾಪಸ್ ಬಂದ. 2024ರಲ್ಲಿ ಆ ಕಡೆ ಹೋಗಲೇ ಇಲ್ಲ.

ಈಗ ಪಂಚಾಯ್ತಿ ಚುನಾವಣೆ ಮಾತು ಶುರುವಾಗಿದೆ. ಓಣಿಯ ಹುಡುಗರು ಅಣ್ಣ ನಿಲ್ಲಲಿ ಅಂತಾರೆ. ಇನ್ನೊಂದು ಕಡೆ ಅತ್ತಿಗೆಯ ತಮ್ಮ ದುಬೈನಲ್ಲಿ ಡ್ರೈವರ್, ಬಾ ಅಂತ ಕರೆಯುತ್ತಿದ್ದಾನೆ. ವೋಟು, ನಿಲ್ಲುವುದು, ಪಾಸ್‌ಪೋರ್ಟ್, ಇದರಲ್ಲಿ ಯಾವುದು ಇದೆ ಯಾವುದು ಹೋಗಿದೆ?

ಕೌಲ್ ಬಜಾರ್:
ಶಿಕ್ಷೆ ಆದವರಿಗೆ 6 ವರ್ಷ ವೋಟ್ ಇಲ್ಲ. ಎಲ್ಲರಿಗೂ ಗೊತ್ತಿರೋ ವಿಷಯ.

ಕಪ್ಪು ಕೋಟು:
ಎಲ್ಲರಿಗೂ ಗೊತ್ತಿರುವ ವಿಷಯ ತಪ್ಪು, ಕೌಲ್ ಬಜಾರ್ ಅವರೇ. ನಾನು ರಾಯಚೂರಿನಲ್ಲಿ ವಕೀಲಿಕೆ ಮಾಡುತ್ತೇನೆ. ಈ ಗೊಂದಲ ದಿನಾ ಕೇಳುತ್ತೇನೆ, ಸ್ವಲ್ಪ ಉದ್ದ ಬರೆಯುತ್ತೇನೆ.

ವೋಟು ಬೇರೆ, ಚುನಾವಣೆಗೆ ನಿಲ್ಲುವುದು ಬೇರೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 62ನೇ ಕಲಂ, 5ನೇ ಉಪಕಲಂ ಹೇಳುವುದು ಇಷ್ಟೇ: ಜೈಲಿನಲ್ಲಿ ಅಥವಾ ಪೊಲೀಸರ ವಶದಲ್ಲಿ ಇರುವಾಗ ವೋಟು ಹಾಕುವ ಹಾಗಿಲ್ಲ. ಗೇಟ್ ದಾಟಿ ಹೊರಗೆ ಬಂದರೆ ಅದು ಮುಗಿಯಿತು. ಸಲಿಕೆ ಕೇಸಾಗಲಿ ಕೊಲೆ ಕೇಸಾಗಲಿ, ಶಿಕ್ಷೆ ಮುಗಿಸಿ ಬಂದವನಿಗೆ ವೋಟು ಇದೆ. ಪಟ್ಟಿಯಿಂದ ಹೆಸರು ತೆಗೆಯಲು ಜೈಲು ಒಂದು ಕಾರಣವೇ ಅಲ್ಲ. ಜೈಲಿನಲ್ಲಿ ಇದ್ದ ಮಾತ್ರಕ್ಕೆ ಜೈಲೇ ಅವನ ವಾಸದ ಊರು ಆಗುವುದಿಲ್ಲ ಅಂತ 1950ರ ಇನ್ನೊಂದು ಜನಪ್ರಾತಿನಿಧ್ಯ ಕಾಯ್ದೆಯೇ ಹೇಳುತ್ತದೆ. ಚುನಾವಣೆ ಅಕ್ರಮದಂಥ ಕೇಸಿನಲ್ಲಿ ಅನರ್ಹ ಆದರೆ ಮಾತ್ರ ವೋಟೂ ಹೋಗಬಹುದು, ಅದು ಬೇರೆ ಕಥೆ.

ಆ 6 ವರ್ಷ ಇರುವುದು ಎಂಎಲ್‌ಎ, ಎಂಪಿ ಆಗಲು ನಿಲ್ಲುವವರಿಗೆ. 1951ರ ಕಾಯ್ದೆಯ 8ನೇ ಕಲಂ ಪ್ರಕಾರ 2 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಆದರೆ ತೀರ್ಪಿನ ದಿನದಿಂದ ಅನರ್ಹ, ಬಿಡುಗಡೆ ಆದ ಮೇಲೂ 6 ವರ್ಷ ಅನರ್ಹ. ನಿಮ್ಮ ಅಣ್ಣ 2021ರಲ್ಲಿ ಬಂದರು ಅಂದರೆ 2027ರವರೆಗೆ ವಿಧಾನಸಭೆ ಕನಸು ಬೇಡ. ಪಂಚಾಯ್ತಿಗೆ ನಮ್ಮ ರಾಜ್ಯದ 1993ರ ಕಾಯ್ದೆ ಇದೆ, ಅದರ 12ನೇ ಕಲಮಿನಲ್ಲಿ ಅನರ್ಹತೆಗಳಿವೆ. ತೀರ್ಪಿನ ಪ್ರತಿ ಕೈಯಲ್ಲಿ ಹಿಡಿದು ನೋಡದೆ ನಾನು ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ.

ಇನ್ನೊಂದು ಮಾತು. ಮೇಲ್ಮನವಿಗೆ ದುಡ್ಡು ಇರಲಿಲ್ಲ ಅಂದಿರಿ. ಬಂಧನದಲ್ಲಿ ಇರುವವನಿಗೆ ಸರ್ಕಾರವೇ ಪುಕ್ಕಟೆ ವಕೀಲರನ್ನು ಕೊಡಬೇಕು, 1987ರ ಕಾಯ್ದೆ ಇದೆ. ಯಾರೂ ಹೇಳಲಿಲ್ಲವಾ?

ತೂಬಿನ ತಮ್ಮ:
ಇಲ್ಲ ಸರ್. ಯಾರೂ ಹೇಳಲಿಲ್ಲ. ನಮಗೂ ಕೇಳಬೇಕು ಅಂತ ಗೊತ್ತಾಗಲಿಲ್ಲ.

ಒಗ್ಗರಣೆ ಮಿರ್ಚಿ:
ಏಜೆಂಟ್ ಮಾತು ಕೇಳಿ ಎರಡು ಚುನಾವಣೆ ಬಿಟ್ಟರಲ್ಲ ಮಾರಾಯರೇ. ಅವನಿಗೆ ನಿಮ್ಮ ಮನೆ ವೋಟು ಯಾವ ಕಡೆ ಅಂತ ಗೊತ್ತಿತ್ತು, ಅಷ್ಟೇ.

ಹಟ್ಟಿ ಚಿನ್ನ:
ಇದು ಕೇಳಿದಾಗ ನನಗೆ ನಿಮ್ಮ ಗಂಗಾವತಿ ಶಾಸಕರೇ ನೆನಪಾದರು. 2025ರ ಮೇ 6ಕ್ಕೆ ಹೈದರಾಬಾದಿನ ಸಿಬಿಐ ಕೋರ್ಟ್ ಓಬಳಾಪುರಂ ಗಣಿ ಕೇಸಿನಲ್ಲಿ ಜನಾರ್ದನ ರೆಡ್ಡಿಯವರಿಗೆ 7 ವರ್ಷ ಶಿಕ್ಷೆ ಕೊಟ್ಟಿತು. ಸ್ಥಾನ ಹೋಯಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ತಡೆ ಕೊಟ್ಟಿತು, ಸ್ಥಾನ ವಾಪಸ್ ಬಂತು. ಎಲ್ಲ ಸೇರಿ ತಿಂಗಳು, ತಿಂಗಳೂವರೆ. ಇಲ್ಲಿ ಕಾನೂನು ಕಿತ್ತುಕೊಳ್ಳದ ವೋಟಿಗಾಗಿ ಒಬ್ಬ ಮನುಷ್ಯ 2023ರಿಂದ ತಲೆ ತಗ್ಗಿಸಿ ಕೂತಿದ್ದಾನೆ.

ಕೌಲ್ ಬಜಾರ್:
ರೆಡ್ಡಿಯವರ ವಿಷಯ ಯಾಕೆ ತರ್ತೀರಿ? ಅವರು 2011ರಿಂದ ಜೈಲಲ್ಲಿದ್ದು ಬಂದಿದ್ದಾರೆ. ಜಾಮೀನು ಸಿಕ್ಕ ಮೇಲೂ ಬಳ್ಳಾರಿಗೆ ಕಾಲಿಡಬಾರದು ಅಂತ ಷರತ್ತು ಇತ್ತು, 2024ರ ಸೆಪ್ಟೆಂಬರ್ ಕೊನೆಗೆ ಸಡಿಲ ಆಯಿತು. ಬೆಳೆದ ಊರಿಗೆ ಬರೋ ಹಾಗಿಲ್ಲ ಅನ್ನೋದು ಶಿಕ್ಷೆ ಅಲ್ವಾ?

ಕಪ್ಪು ಕೋಟು:
ಇಬ್ಬರೂ ಸ್ವಲ್ಪ ತಡೀರಿ. ಮೇಲ್ಮನವಿ ಹಾಕಿ ತಡೆ ಕೇಳುವ ದಾರಿ ಎಲ್ಲರಿಗೂ ಇದೆ, ಪಕ್ಷ ನೋಡುವುದಿಲ್ಲ. 2023ರಲ್ಲಿ ರಾಹುಲ್ ಗಾಂಧಿಯವರಿಗೆ ಸೂರತ್ ಕೋರ್ಟಿನಲ್ಲಿ 2 ವರ್ಷ ಆಗಿ ಲೋಕಸಭೆ ಸ್ಥಾನ ಹೋಯಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆ ಬಂತು. ಮೊದಲು ಹಾಲಿ ಸದಸ್ಯರಿಗೆ ಮೂರು ತಿಂಗಳ ಕವಚ ಇತ್ತು. ಅಷ್ಟರಲ್ಲಿ ಮೇಲ್ಮನವಿ ಹಾಕಿದರೆ ಸ್ಥಾನ ಉಳಿಯುತ್ತಿತ್ತು. 2013ರ ಜುಲೈನಲ್ಲಿ ಲಿಲಿ ಥಾಮಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಈಗ ತೀರ್ಪು ಬಂದ ಕೂಡಲೇ ಕುರ್ಚಿ ಹೋಗುತ್ತದೆ.

ಹಟ್ಟಿ ಚಿನ್ನ:
ದಾರಿ ಎಲ್ಲರಿಗೂ ಇದೆ, ಹೌದು ವಕೀಲರೇ. ದಾರಿಯಲ್ಲಿ ಓಡಿಸಲು ಗಾಡಿ ಯಾರ ಹತ್ತಿರ ಇದೆ?

ನಿರ್ವಾಹಕ:
ವ್ಯಕ್ತಿಗಳ ಮೇಲೆ, ಪಕ್ಷಗಳ ಮೇಲೆ ಜಗಳ ಬೇಡ. ರೆಡ್ಡಿಯವರ ಕೇಸು ಇನ್ನೂ ಮೇಲ್ಮನವಿಯಲ್ಲಿದೆ. ತೂಬಿನ ತಮ್ಮ ಕೇಳಿದ ವಿಷಯಕ್ಕೆ ಬನ್ನಿ.

ಮುದಗಲ್ ಮಗಳು:
ಎಲ್ಲರೂ ಹೊಡೆದವರ ಹಕ್ಕಿನ ಬಗ್ಗೆ ಬರೀತಾ ಇದ್ದೀರಿ. ಏಟು ತಿಂದವರ ಕಡೆಯಿಂದ ನಾನು ಬರೀತೀನಿ.

ನನ್ನ ಅಪ್ಪನಿಗೆ 2007ರಲ್ಲಿ ಬದುವಿನ ಜಗಳದಲ್ಲಿ ಕೊಡಲಿ ಏಟು ಬಿತ್ತು. ಜೀವ ಉಳಿಯಿತು. ಬಲಗೈ ಬೆರಳು ಮಾತ್ರ ಇವತ್ತಿಗೂ ಮಡಚಲು ಬರುವುದಿಲ್ಲ. ಏಳನೇ ತರಗತಿ ಓದಿದ ಮನುಷ್ಯ, ಚೆಂದಾಗಿ ಸಹಿ ಮಾಡುತ್ತಿದ್ದರು. ಈಗ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ. ಹೆಬ್ಬೆಟ್ಟು ಒತ್ತುವಾಗ ಅಕ್ಕಪಕ್ಕ ಯಾರಾದರೂ ಇದ್ದಾರಾ ಅಂತ ನೋಡುತ್ತಾರೆ. ಹೊಡೆದವನು ಶಿಕ್ಷೆ ಮುಗಿಸಿ ಬಂದು ಊರಲ್ಲಿ ಹಾರ ಹಾಕಿಸಿಕೊಂಡ. ಪಟಾಕಿ ಹೊಡೆದರು. ಅಪ್ಪ ಬಾಗಿಲು ಮುಚ್ಚಿಕೊಂಡು ಒಳಗೆ ಕೂತಿದ್ದರು.

ನಾಳೆ ಅವನು ಪಂಚಾಯ್ತಿಗೆ ಆರಿಸಿ ಬಂದರೆ, ಅಪ್ಪನ ಮನೆ ಕಾಗದಕ್ಕೆ ಅವನ ಹತ್ತಿರ ಹೋಗಿ ನಿಲ್ಲಬೇಕಾ? ಕಾನೂನಿನ ಲೆಕ್ಕ ಮೂರು ವರ್ಷಕ್ಕೆ ಮುಗಿಯುತ್ತದೆ. ನಮ್ಮ ಲೆಕ್ಕ?

ಒಗ್ಗರಣೆ ಮಿರ್ಚಿ:
ಅಕ್ಕಾ, ನಿಮ್ಮ ನೋವು ನಿಜ. ಆದರೆ ಆ ಲೆಕ್ಕ ಯಾವಾಗ ಮುಗಿಯಬೇಕು ಅಂತ ಯಾರು ಹೇಳಬೇಕು?

ಮುದಗಲ್ ಮಗಳು:
ನನಗೂ ಗೊತ್ತಿಲ್ಲ. ಒಂದು ಕೇಳುತ್ತೇನೆ. ತೂಬಿನ ತಮ್ಮ, ನಿಮ್ಮ ಅಣ್ಣ ಬಂದ ಮೇಲೆ ಒಂದು ಸಲವಾದರೂ ಆ ಮನೆಗೆ ಹೋಗಿದ್ದಾರಾ?

ರಾತ್ರಿ ಪಾಳಿ:
ವೋಟು ಬಿಡಿ, ವರ್ಷಕ್ಕೊಂದು ಸಲ. ಹೊಟ್ಟೆಪಾಡಿನ ಮಾತಾಡಿ. ನಾನು 2009ರಲ್ಲಿ ಹಾಸ್ಟೆಲ್ ಜಗಳದಲ್ಲಿ ಸಿಕ್ಕಿಬಿದ್ದೆ. ಸಾವಿರ ರೂಪಾಯಿ ದಂಡ ಕಟ್ಟಿ ಮುಗಿಸಿದೆವು. ಆಗ ವಕೀಲರು, 'ಒಪ್ಪಿಕೋ, ಇವತ್ತೇ ಮುಗಿಯುತ್ತೆ' ಅಂದರು. ಹನ್ನೆರಡು ವರ್ಷ ಆದ ಮೇಲೆ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಗೇಟ್ ಪಾಸ್ ಬೇಕಾಯಿತು. ಫಾರಂನಲ್ಲಿ 'ಕೇಸ್ ಇಲ್ಲ' ಅಂತ ಬರೆದೆ. ಠಾಣೆಯಿಂದ ವರದಿ ಬಂತು, ಕೇಸ್ ಇದೆ ಅಂತ. ಅವತ್ತೇ ಹೊರಗೆ. ಗುತ್ತಿಗೆದಾರ ಹೇಳಿದ್ದು, 'ಕಳ್ಳತನ ಮಾಡಿದ್ರೂ ಪರವಾಗಿಲ್ಲ, ಸುಳ್ಳು ಬರೆದ್ಯಲ್ಲ'.

ಕಪ್ಪು ಕೋಟು:
ಗುತ್ತಿಗೆದಾರನ ಮಾತು ಒರಟು, ಆದರೆ ಕಾನೂನಿಗೆ ಹತ್ತಿರ ಇದೆ. ಅವತಾರ್ ಸಿಂಗ್ ಕೇಸಿನಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಕೆಲಸದ ಬಗ್ಗೆ ಇದನ್ನೇ ಬಿಡಿಸಿ ಹೇಳಿತು. ಹುಡುಗ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ವಿಷಯವಾದರೆ ಮುಚ್ಚಿಟ್ಟಿದ್ದನ್ನೂ ಕ್ಷಮಿಸಬಹುದು. ದೊಡ್ಡ ಅಪರಾಧ ಮುಚ್ಚಿಟ್ಟರೆ ಕೆಲಸ ಹೋಗುತ್ತದೆ. ಕೇಳಿದ್ದಕ್ಕೆ ನಿಜ ಬರೆಯಿರಿ ಅಂತ ನಾನು ಎಲ್ಲರಿಗೂ ಹೇಳುವುದು.

ಇನ್ನು 'ಒಪ್ಪಿಕೋ, ಮುಗಿಯುತ್ತೆ' ಅನ್ನುವ ವಕೀಲರ ಬಗ್ಗೆ ನಾನೂ ವಕೀಲನಾಗಿ ನಾಚುತ್ತೇನೆ. 1958ರ ಪ್ರೊಬೇಷನ್ ಕಾಯ್ದೆ ಅಂತ ಒಂದಿದೆ. ಸಣ್ಣ ತಪ್ಪಾದರೆ ಎಚ್ಚರಿಕೆ ಕೊಟ್ಟೋ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಕೋರ್ಟ್ ಬಿಡಬಹುದು. ಹಾಗೆ ಬಿಟ್ಟರೆ ಆ ಶಿಕ್ಷೆಯಿಂದ ಬರುವ ಅನರ್ಹತೆಯೇ ಅಂಟುವುದಿಲ್ಲ ಅಂತ 12ನೇ ಕಲಂ ಹೇಳುತ್ತದೆ. ಅವತ್ತು ಒಂದು ಅರ್ಜಿ ಕೊಟ್ಟು ಕೇಳಬಹುದಿತ್ತು. ಕೇಳುವವರೇ ಕಡಿಮೆ.

ರಾತ್ರಿ ಪಾಳಿ:
ಇದು 2009ರಲ್ಲಿ ಗೊತ್ತಿದ್ದರೆ ಸರ್...

ಡಲ್ಲಾಸ್‌ನ ಗಂಗಾವತಿ:
ಇಲ್ಲಿ ಅಮೆರಿಕದಲ್ಲಿ ಇದೇ ದೊಡ್ಡ ಗಲಾಟೆ. ಒಂದೊಂದು ರಾಜ್ಯದ್ದು ಒಂದೊಂದು ದಾರಿ. ಮೇನ್, ವರ್ಮಾಂಟ್ ಎರಡು ರಾಜ್ಯಗಳಲ್ಲಿ ಜೈಲೊಳಗಿಂದಲೇ ವೋಟು ಹಾಕಬಹುದು. ನಾನಿರುವ ಟೆಕ್ಸಾಸ್‌ನಲ್ಲಿ ಜೈಲು, ಪರೋಲು, ಪ್ರೊಬೇಷನ್ ಎಲ್ಲ ಮುಗಿಯುವವರೆಗೆ ಇಲ್ಲ. ಫ್ಲೋರಿಡಾದಲ್ಲಿ 2018ರಲ್ಲಿ ಜನರ ಮುಂದೆಯೇ ಇಟ್ಟರು. ಕೊಲೆ, ಲೈಂಗಿಕ ಅಪರಾಧ ಬಿಟ್ಟು ಉಳಿದವರಿಗೆ ಶಿಕ್ಷೆ ಮುಗಿದ ಮೇಲೆ ವೋಟು ಕೊಡೋಣವಾ ಅಂತ. ನೂರಕ್ಕೆ 64ಕ್ಕಿಂತ ಜಾಸ್ತಿ ಜನ ಹೌದು ಅಂದರು. ಮರುವರ್ಷವೇ ಅಲ್ಲಿನ ಸರ್ಕಾರ ಇನ್ನೊಂದು ಕಾನೂನು ತಂದು, ಕೋರ್ಟಿನ ದಂಡ, ಫೀಸು ಎಲ್ಲ ಕಟ್ಟಿದ ಮೇಲೆ ಮಾತ್ರ ಅಂತ ಕೊಕ್ಕೆ ಹಾಕಿತು. ದುಡ್ಡಿಲ್ಲದವನು ಅಲ್ಲೇ ನಿಂತ. ಅದಕ್ಕೆ ಹೋಲಿಸಿದರೆ, ಹೊರಗೆ ಬಂದ ದಿನವೇ ವೋಟು ಅನ್ನುವ ನಮ್ಮ ಕಾನೂನು ಎಷ್ಟೋ ವಾಸಿ.

ಕೊನೆ ಭಾಗದ ರೈತ:
ಕೊಕ್ಕೆ ಹಾಕೋದರಲ್ಲಿ ನಮ್ಮವರೇನು ಕಡಿಮೆ ಇಲ್ಲ ಬಿಡಿ.

ನನ್ನ ಮಾತು ಬೇರೆ. ಈ ಸಲಿಕೆ ಕೇಸುಗಳೆಲ್ಲ ಹುಟ್ಟುವುದು ಕಾಲುವೆಯಲ್ಲಿ. ಮೇಲಿನವರು ಭತ್ತದ ಮೇಲೆ ಭತ್ತ ಹಚ್ಚುತ್ತಾರೆ, ಮಾನ್ವಿ, ಸಿರವಾರ ಕಡೆ ನಾವು ಆಕಾಶ ನೋಡುತ್ತೇವೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ನಮ್ಮೂರಲ್ಲಿ ಒಬ್ಬರೂ ನಿದ್ದೆ ಮಾಡಿಲ್ಲ. ನೀರು ಸರಿಯಾಗಿ ಬಿಟ್ಟರೆ ಅರ್ಧ ಕೇಸು ಕಮ್ಮಿ ಆಗುತ್ತವೆ.

ಒಗ್ಗರಣೆ ಮಿರ್ಚಿ:
ಗೇಟು ಹೋದ ವಾರ ನಮ್ಮ ಮಾವ ದಿನಾ ಡ್ಯಾಮ್ ನೋಡಲು ಹೊಸಪೇಟೆಗೆ ಹೋಗಿ ಬರುತ್ತಿದ್ದ. ಇವನು ನೋಡಿದರೆ ನಿಲ್ಲುತ್ತೇನೋ ಅನ್ನೋ ಹಾಗೆ.

ನಿರ್ವಾಹಕ:
ಡ್ಯಾಮಿಗೆ ಬೇರೆ ಚರ್ಚೆ ಇದೆ. ಅಲ್ಲಿಗೆ ಹೋಗಿ.

ಕೌಲ್ ಬಜಾರ್:
ಸರಿ, ಹೊರಗೆ ಬಂದವರಿಗೆ ವೋಟು ಇರಲಿ, ನಾನು ತಪ್ಪು ಹೇಳಿದ್ದೆ ಒಪ್ಪಿದೆ. ಆದರೆ ಜೈಲೊಳಗೆ ಇರುವವರಿಗೆ ಕೊಡಬಾರದು. ನಮ್ಮ ಬಳ್ಳಾರಿ ಜೈಲಿಗೆ 2024ರಲ್ಲಿ ಒಬ್ಬ ಸಿನಿಮಾ ನಟನನ್ನು ತಂದಾಗ ಗೇಟಿನ ಹೊರಗೆ ಜನ ಜಾತ್ರೆ ಹಾಗೆ ಸೇರಿದ್ದರು. ಒಳಗೆ ವೋಟು ಅಂತ ಇಟ್ಟರೆ ಪ್ರಚಾರಕ್ಕೂ ಒಳಗೇ ಹೋಗುತ್ತಾರೆ.

ಕಪ್ಪು ಕೋಟು:
ಒಳಗಿರುವವರು ಯಾರು ಅಂತ ಮೊದಲು ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಸುಮಾರು 5.73 ಲಕ್ಷ ಜನ ಇದ್ದರು. ಅವರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರಿಗೆ ಶಿಕ್ಷೆಯೇ ಆಗಿಲ್ಲ! ಅವರಿಗೂ ವೋಟಿಲ್ಲ. ಅದೇ ಕೇಸಿನಲ್ಲಿ ಜಾಮೀನು ಸಿಕ್ಕವನಿಗೆ ಇದೆ. ಶಿಕ್ಷೆ ಆಗಿಯೂ ಮೇಲ್ಮನವಿ ಹಾಕಿ ಜಾಮೀನಿನ ಮೇಲೆ ಹೊರಗಿದ್ದರೂ ಇದೆ.

ಇನ್ನೂ ತಮಾಷೆ ಕೇಳಿ. ಗೂಂಡಾ ಕಾಯ್ದೆಯಲ್ಲಿ ಮುನ್ನೆಚ್ಚರಿಕೆಗೆ ಅಂತ ಒಳಗೆ ಹಾಕಿದವನು ಅಂಚೆ ಮೂಲಕ ವೋಟು ಹಾಕಬಹುದು. ಬೈಕ್ ಕದ್ದ ಆರೋಪದ ಹುಡುಗ, ಜಾಮೀನಿಗೆ ನಿಲ್ಲಲು ಯಾರೂ ಇಲ್ಲದವನು, ಹಾಕುವ ಹಾಗಿಲ್ಲ. 1997ರಲ್ಲಿ ಇದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ ಕಾನೂನು ಸರಿ ಇದೆ ಅಂತಲೇ ಹೇಳಿತು. ಜೈಲಿನಲ್ಲಿ ಇರುವವನಿಗೆ ಹೊರಗಿನವನಷ್ಟು ಸ್ವಾತಂತ್ರ್ಯ ಇಲ್ಲ, ಜೊತೆಗೆ ಅಷ್ಟು ಪೊಲೀಸರನ್ನು ಎಲ್ಲಿಂದ ತರುವುದು ಅಂತ.

ಹಟ್ಟಿ ಚಿನ್ನ:
ಮತ್ತೆ ಅದೇ ಹುಡುಗ ಜೈಲಿನಿಂದಲೇ ಚುನಾವಣೆಗೆ ನಿಲ್ಲಬಹುದಲ್ಲ?

ಕಪ್ಪು ಕೋಟು:
ನಿಲ್ಲಬಹುದು! 1977ರಲ್ಲಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಜೈಲಿನಲ್ಲೇ ಕೂತು ಬಿಹಾರದ ಮುಜಫ್ಫರ್‌ಪುರದಿಂದ ಗೆದ್ದರು. ವೋಟು ಹಾಕಲು ಆಗದವನು ನಿಲ್ಲುವುದು ಹೇಗೆ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಬೇಡ ಅಂದಿತು. ಅದೇ ವರ್ಷ ಸಂಸತ್ತು ಕಾನೂನು ತಿದ್ದಿ ಮತ್ತೆ ದಾರಿ ಬಿಟ್ಟಿತು. ಯಾವುದಕ್ಕೆ ಎಷ್ಟು ಬೇಗ ತಿದ್ದುಪಡಿ ಬರುತ್ತದೆ ನೋಡಿ.

ಸೆಟ್ಲಮೆಂಟ್ ಮೊಮ್ಮಗ:
ನಾನು ಕೊಪ್ಪಳದವನು, ನಮ್ಮ ಅಜ್ಜ ಹುಬ್ಬಳ್ಳಿ ಸೆಟ್ಲಮೆಂಟಿನಲ್ಲಿ, ಅಂದರೆ ಬ್ರಿಟಿಷರು 'ಅಪರಾಧಿ ಬುಡಕಟ್ಟು' ಅಂತ ಕರೆದವರನ್ನು ಕಾವಲಿನಲ್ಲಿ ಇಡುತ್ತಿದ್ದ ಜಾಗದಲ್ಲಿ ಬೆಳೆದವರು. 1871ರ ಕಾನೂನು, ಹುಟ್ಟಿದ ಜಾತಿಗೇ ಅಪರಾಧಿ ಅಂತ ಮುದ್ರೆ ಒತ್ತಿದ್ದು. ತಪ್ಪೇ ಬೇಕಿರಲಿಲ್ಲ, ಹುಟ್ಟಿದರೆ ಸಾಕಿತ್ತು. ದಿನಾ ಹಾಜರಿ. 1952ರಲ್ಲಿ ಅದು ರದ್ದಾಯಿತು. ಅಜ್ಜ ಮಾತ್ರ ಸಾಯುವವರೆಗೆ, ಬೇರೆ ಊರಿಗೆ ಹೋಗುವ ಮೊದಲು ಯಾರಿಗಾದರೂ ಹೇಳಿಯೇ ಹೋಗುತ್ತಿದ್ದರು. ಅಜ್ಜಿ ಬೈಯುತ್ತಿದ್ದರು, 'ಯಾರಿಗೆ ಹೇಳ್ತೀಯೋ ಮುದುಕಾ, ಯಾರೂ ಕೇಳಿಲ್ಲ' ಅಂತ.

ಕಾನೂನು ವಾಪಸ್ ಕೊಟ್ಟಿದ್ದನ್ನು ಠಾಣೆ ಕೊಡುವುದಿಲ್ಲ. ಇವತ್ತಿಗೂ ಮೊಹರಂ ಬಂತು, ಗಣಪತಿ ಬಂತು, ಚುನಾವಣೆ ಬಂತು ಅಂದರೆ ಯಾರ ಮನೆಗೆ ಮೊದಲು ಪೊಲೀಸರು ಬರುತ್ತಾರೆ ಅಂತ ಪ್ರತಿ ಊರಿನಲ್ಲೂ ಗೊತ್ತು. ತೂಬಿನ ತಮ್ಮ, ಅಣ್ಣನ ಮೇಲೆ ರೌಡಿ ಶೀಟ್ ಇದೆಯಾ? ಇದ್ದರೆ ಮೊದಲು ಅದನ್ನು ತೆಗೆಸಿ. ಎಸ್‌ಪಿ ಆಫೀಸಿಗೆ ಅರ್ಜಿ ಕೊಡಬಹುದು.

ತೂಬಿನ ತಮ್ಮ:
ರೌಡಿ ಶೀಟ್ ಇಲ್ಲ ಅಣ್ಣಾ, ಪುಣ್ಯಕ್ಕೆ.

ಮುದಗಲ್ ಅಕ್ಕ ಕೇಳಿದ್ದಕ್ಕೆ ಎರಡು ದಿನ ಉತ್ತರ ಕೊಡಲಿಲ್ಲ, ಕ್ಷಮಿಸಿ. ಅಣ್ಣನನ್ನೇ ಕೇಳಿದೆ. ಮನೆಗೆ ಹೋಗಿಲ್ಲ. ಹೋದ ವರ್ಷ ಅವರ ತಾಯಿ ತೀರಿಕೊಂಡಾಗ ಮಣ್ಣಿಗೆ ಹೋಗಿದ್ದ. ದೂರ ಬೇವಿನ ಗಿಡದ ಹತ್ತಿರ ನಿಂತಿದ್ದ. ಬಾ ಅಂತ ಯಾರೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಮಣ್ಣು ಹಾಕುವಾಗ ಅವರು, ಅಂದರೆ ಕೈ ಮುರಿದವರು, ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅಣ್ಣ ಒಂದು ಹಿಡಿ ಮಣ್ಣು ಹಾಕಿ ಬಂದ. ಅಷ್ಟೇ. ಮಾತು ಇಲ್ಲ.

ಪಂಚಾಯ್ತಿಗೆ ನಿಲ್ಲುವುದು ಬೇಡವಂತೆ. ಅದು ಓಣಿ ಹುಡುಗರ ಆಸೆ, ನಂದೂ ಸ್ವಲ್ಪ. 'ಅವರ ಮನೆ ಮುಂದೆ ನಾನು ಕೈ ಮುಗಿದು ವೋಟು ಕೇಳಲಾ?' ಅಂದ.

ಮುದಗಲ್ ಮಗಳು:
ಇದನ್ನು ಅಪ್ಪನಿಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಆ ತೂಬಿಗೆ ಈಗ ನೀರು ಬರುತ್ತಾ ಕೇಳು ಅಂದರು.

ತೂಬಿನ ತಮ್ಮ:
ಬರುತ್ತೆ ಅಂತ ಹೇಳಿ ಅಕ್ಕಾ. ನಮ್ಮ ಪಾಳಿಗೆ ಈಗ ನಾನು ಹೋಗುತ್ತೇನೆ, ಅಣ್ಣ ಹೋಗುವುದಿಲ್ಲ.

ಶಾಲೆ ಟೀಚರ್:
ತಡವಾಗಿ ನೋಡಿದೆ. ನಾನು ಶಿಕ್ಷಕಿ, ನಮ್ಮ ಬೂತಿಗೆ ಬಿಎಲ್‌ಒ ಕೂಡ, ಅಂದರೆ ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ. ಮನೆ ಮನೆಗೆ ಹೋದಾಗ ಮೂರು ವರ್ಷ ಒಬ್ಬರು ಮನೆಯಲ್ಲಿ ಇಲ್ಲ ಅಂದರೆ, ಯಾರೋ 'ಊರು ಬಿಟ್ಟಿದ್ದಾರೆ' ಅಂದರೆ, ಹೆಸರು ಹೋಗಿರುತ್ತದೆ. ಜೈಲಿನಲ್ಲಿದ್ದಾರೆ ಅಂತ ಮನೆಯವರು ಹೇಳಲು ನಾಚುತ್ತಾರೆ, 'ಬೆಂಗಳೂರಿಗೆ ದುಡಿಯಲು ಹೋಗಿದ್ದಾನೆ' ಅಂತಾರೆ. ನಾವು ಹಾಗೇ ಬರೆದುಕೊಳ್ಳುತ್ತೇವೆ. ನಿಮ್ಮ ಮನೆಯಲ್ಲೂ ಹೀಗೇ ಆಗಿರಬಹುದು, ನಿಮ್ಮ ಅತ್ತಿಗೆಯನ್ನು ಕೇಳಿ ನೋಡಿ.

ಪಟ್ಟಿಗೆ ಹೆಸರು ಸೇರಿಸುವ ಅರ್ಜಿ ನಮೂನೆ 6, ಅದನ್ನು ತುಂಬಿ ಕೊಡಿ. ಆಧಾರ್ ಅಥವಾ ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಒಂದು ಫೋಟೋ. ಜೈಲಿಗೆ ಹೋಗಿದ್ದಿರಾ ಅಂತ ಆ ನಮೂನೆಯಲ್ಲಿ ಎಲ್ಲೂ ಕೇಳುವುದಿಲ್ಲ. ತೊಂದರೆ ಆದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ.

ಕಪ್ಪು ಕೋಟು:
ಟೀಚರ್ ಹೇಳಿದ್ದು ಸರಿ. ಪಾಸ್‌ಪೋರ್ಟಿನದು ಮರೆತಿದ್ದೆ. ನೈತಿಕ ಅಧಃಪತನದ ಅಪರಾಧಕ್ಕೆ 2 ವರ್ಷ ಅಥವಾ ಹೆಚ್ಚು ಶಿಕ್ಷೆ ಆಗಿದ್ದರೆ, ಅದು ಅರ್ಜಿಗೆ ಹಿಂದಿನ 5 ವರ್ಷದೊಳಗೆ ಆಗಿದ್ದರೆ, ಕೊಡುವ ಹಾಗಿಲ್ಲ ಅಂತ 1967ರ ಕಾಯ್ದೆ. ನಿಮ್ಮ ತೀರ್ಪು 2018ರದ್ದು, ಆ 5 ವರ್ಷ ದಾಟಿದೆ. ಬೇರೆ ಕೇಸ್ ಬಾಕಿ ಇಲ್ಲದಿದ್ದರೆ ಧೈರ್ಯವಾಗಿ ಅರ್ಜಿ ಹಾಕಿ. ದುಬೈ ವೀಸಾದವರು ಪೊಲೀಸ್ ಪತ್ರ ಕೇಳಿದರೆ ಅಲ್ಲಿ ಹಳೆಯ ಕೇಸು ಬರಬಹುದು, ಅದು ಅವರ ಕಾನೂನು.

ತೂಬಿನ ತಮ್ಮ:
ಅತ್ತಿಗೆಯನ್ನು ಕೇಳಿದೆ. 'ಬೆಂಗಳೂರಿಗೆ ಹೋಗಿದ್ದಾರೆ' ಅಂತ ಹೇಳಿದ್ದು ಅವರೇ. ಹೇಳಿ ಅತ್ತುಬಿಟ್ಟರು. ಅಣ್ಣ ನಕ್ಕ.

ಇವತ್ತು ನಮೂನೆ 6 ತುಂಬಿದೆವು. ಫೋಟೋ ಹುಡುಕಿದರೆ ಮನೆಯಲ್ಲಿ ಇದ್ದದ್ದು ಮದುವೆ ಕಾಲದ್ದು, ದಪ್ಪ ಮೀಸೆ. ಈಗ ಮೀಸೆಯೂ ಇಲ್ಲ, ಕೂದಲೂ ಬೆಳ್ಳಗೆ. ಅದನ್ನೇ ಹಚ್ಚಿಬಿಡೋಣ ಅಂದ ಅಣ್ಣ. ನಾನು ಬೇಡ ಅಂದೆ. ನಾಳೆ ಗಂಗಾವತಿಗೆ ಕರೆದುಕೊಂಡು ಹೋಗಿ ಹೊಸದು ತೆಗೆಸುತ್ತೇನೆ.

ಶಾಲೆ ಟೀಚರ್:
ಹಿಂದೆ ಬಿಳಿ ಬಣ್ಣ ಇರಲಿ ಅಂತ ಸ್ಟುಡಿಯೋದವರಿಗೆ ಹೇಳಿ. ನೀಲಿ ಇದ್ದರೆ ವಾಪಸ್ ಕಳಿಸುತ್ತಾರೆ.